ಕಾನೂನು ಬರುವ ಹೊತ್ತಿಗೆ ರೋಗಿ ಉಳಿದಿರಬೇಕಲ್ಲ!

(ನಗರದ ಕನ್ನಡ ಯುವಕರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಪೂರ್ಣ ಪಠ್ಯ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕುಳಿತವನು. ಮೊಳೆ ಜೋಡಿಸುವ ಕಾಲದ ಕೊನೆಯನ್ನು ಕಂಡು, ಕೈ ಕಪ್ಪು ಮಾಡಿಕೊಂಡು, ಈಗ ಆಫ್‌ಸೆಟ್ ಯಂತ್ರದ ಮುಂದೆ ನಿಂತಿದ್ದೇನೆ. ನೀವು ಹಂಚುವ ಕರಪತ್ರ, ಗೋಡೆಗೆ ಅಂಟಿಸುವ ಪೋಸ್ಟರ್, ರಾಜ್ಯೋತ್ಸವದ ರಸೀದಿ ಪುಸ್ತಕ ಬಹಳಷ್ಟು ನನ್ನಲ್ಲೇ ಅಚ್ಚಾಗುತ್ತವೆ. ಯಾರ ಬಾಕಿ ಎಷ್ಟಿದೆ ಅಂತ ಇವತ್ತು ಈ ಮೈಕಿನಲ್ಲಿ ಹೇಳುವುದಿಲ್ಲ, ಹೆದರಬೇಡಿ.

ಶಿಬಿರದ ಸಂಚಾಲಕರು ಬಂದು, "ಆರೋಗ್ಯ ಮತ್ತು ಕಾನೂನು ಅಂತ ಒಂದು ವಿಷಯ ಇಟ್ಟಿದ್ದೇವೆ, ನೀವೇ ಮಾತಾಡಬೇಕು" ಎಂದರು. ನಾನು ವಕೀಲನಲ್ಲ, ಡಾಕ್ಟರೂ ಅಲ್ಲ ಎಂದೆ. "ಅದಕ್ಕೇ ನಿಮ್ಮನ್ನು ಕರೆದದ್ದು. ನಿಮ್ಮ ಮೆಷಿನ್‌ಮನ್ ಕತೆ ನಮಗೆ ಗೊತ್ತು. ಅದನ್ನು ಹೇಳಿ, ಆಮೇಲೆ ನೀವು ಓದಿ ತಿಳಿದದ್ದನ್ನು ಹೇಳಿ" ಎಂದರು. ಹಾಗಾಗಿ ನಿಂತಿದ್ದೇನೆ.

ಒಂದು ಬಿಲ್ಲಿನ ಕತೆ

2016ರ ಬೇಸಿಗೆ. ನಮ್ಮ ಅಪ್ಪನ ಕಾಲದಿಂದಲೂ ಪ್ರೆಸ್ಸಿನಲ್ಲಿದ್ದ ಮೆಷಿನ್‌ಮನ್ ಒಬ್ಬರಿದ್ದರು. ನನಗೆ ಯಂತ್ರಕ್ಕೆ ಕಾಗದ ಕೊಡುವುದನ್ನು ಕಲಿಸಿದವರು ಅವರೇ. ಒಂದು ಮಧ್ಯಾಹ್ನ ಊಟ ಮಾಡಿ ಬಂದು ಕುಳಿತವರು ಹಾಗೇ ಪಕ್ಕಕ್ಕೆ ವಾಲಿದರು. ಮೆದುಳಿನಲ್ಲಿ ರಕ್ತಸ್ರಾವ. ಆಟೋದಲ್ಲಿ ಹಾಕಿಕೊಂಡು ಹತ್ತಿರದ ಖಾಸಗಿ ಆಸ್ಪತ್ರೆಗೆ ಓಡಿದೆವು. ಯಾವ ಆಸ್ಪತ್ರೆ ಎಂದು ಕೇಳಬೇಡಿ, ಹೆಸರು ನನಗೆ ಬೇಡ. ಅಂಥವು ಊರ ತುಂಬ ಇವೆ.

ಒಂಬತ್ತು ದಿನ ಐಸಿಯುನಲ್ಲಿದ್ದರು. ಹತ್ತನೆಯ ದಿನ ಬೆಳಗಿನ ಜಾವ ಹೋದರು. ಅಷ್ಟರಲ್ಲಿ ಮನೆಯವರು ಕಟ್ಟಿದ್ದನ್ನು ಕಳೆದು ಇನ್ನೂ 1 ಲಕ್ಷ 40 ಸಾವಿರ ಬಾಕಿ. ಕೌಂಟರಿನ ಹುಡುಗ ಹೇಳಿದ್ದು ಒಂದೇ ಮಾತು: "ಬಿಲ್ ಕ್ಲಿಯರ್ ಮಾಡಿ, ಬಾಡಿ ತಗೊಂಡು ಹೋಗಿ." ಆ ಮನುಷ್ಯನಿಗೆ ಬೆಳಿಗ್ಗೆಯ ತನಕ ಹೆಸರಿತ್ತು. ಈಗ ಬಾಡಿ. ಅವರ ಹೆಂಡತಿ ಕಿವಿಯ ಓಲೆ ಬಿಚ್ಚಿ ನನ್ನ ಕೈಗಿಟ್ಟರು. ನಾನು ಕಾಗದದ ವ್ಯಾಪಾರಿಯ ಹತ್ತಿರ ಸಾಲ ಮಾಡಿ, ಇನ್ನಷ್ಟು ಅಲ್ಲಿ ಇಲ್ಲಿ ಹೊಂದಿಸಿ, ಸಂಜೆ ಐದಕ್ಕೆ ಕಟ್ಟಿದೆ. ಅಲ್ಲಿಯ ತನಕ ಶವ ಕೊಡಲಿಲ್ಲ. ಊರಿಗೆ ಒಯ್ಯುವ ಹೊತ್ತಿಗೆ ನಡುರಾತ್ರಿ.

ಈಗ ನನಗೆ ನಾಚಿಕೆಯಾಗುವ ಮಾತು ಹೇಳುತ್ತೇನೆ. ದುಡ್ಡು ಕಟ್ಟಿ ಬಿಲ್ ಕೈಗೆ ತೆಗೆದುಕೊಂಡಾಗ ಕಾಗದದ ಗುರುತು ಸಿಕ್ಕಿತು. ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಪ್ರೆಸ್ಸಿನ ಹೆಸರಿತ್ತು. ಒಬ್ಬ ಏಜೆಂಟನ ಮೂಲಕ ಬಂದ ಕೆಲಸ. ಆ ಬಿಲ್ ಪುಸ್ತಕವನ್ನು ಅಚ್ಚು ಹಾಕಿದವರು ಬಹುಶಃ ಆ ಮೆಷಿನ್‌ಮನ್ನೇ. ಮೇಲಿನಿಂದ ಕೆಳಗಿನ ತನಕ ಇಂಗ್ಲಿಷು. ಒಂದಕ್ಷರ ಕನ್ನಡ ಇಲ್ಲ. ಒಳಗೆ ಸೇರಿಸಿಕೊಳ್ಳುವಾಗ ಅವರ ಹೆಂಡತಿ ಹೆಬ್ಬೆಟ್ಟು ಒತ್ತಿದ ಒಪ್ಪಿಗೆ ಪತ್ರವೂ ಇಂಗ್ಲಿಷೇ. ಕನ್ನಡ ಕನ್ನಡ ಎಂದು ಪೋಸ್ಟರ್ ಅಚ್ಚು ಹಾಕುವ ನಾನು, ಆ ಕೆಲಸ ಬಂದಾಗ "ಇದರಲ್ಲಿ ಕನ್ನಡ ಎಲ್ಲಿ?" ಎಂದು ಒಂದು ಸಲವಾದರೂ ಕೇಳಲಿಲ್ಲ.

ಆವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದನ್ನೆಲ್ಲ ಕೇಳಲು ಈ ನಾಡಿನಲ್ಲಿ ಕಾನೂನು ಇಲ್ಲವೇ?

ಇತ್ತು, ಗೆಳೆಯರೇ. ಅರ್ಧಂಬರ್ಧ ಇತ್ತು. ಉಳಿದರ್ಧ ದಾರಿಯಲ್ಲಿತ್ತು! ಇವತ್ತು ನಾನು ಹೇಳಬೇಕಾದದ್ದು ಆ ದಾರಿಯ ಕತೆ.

1976ರಿಂದ 2007: ಮೂವತ್ತೊಂದು ವರ್ಷ

ಮೊದಲು ಒಂದು ಭ್ರಮೆ ಬಿಡೋಣ. ನಮಗೆ ಏನಾದರೂ ದೆಹಲಿಯನ್ನು ಬೈಯುವುದು ಅಭ್ಯಾಸ. ಬೈಯಬೇಕಾದಾಗ ಬೈಯೋಣ, ನಾನೇ ಅಚ್ಚು ಹಾಕಿಕೊಡುತ್ತೇನೆ. ಆದರೆ ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಎಂಬುದು ರಾಜ್ಯ ಪಟ್ಟಿಯಲ್ಲಿದೆ. ಅಂದರೆ ಆಸ್ಪತ್ರೆಯನ್ನು ಹದ್ದುಬಸ್ತಿನಲ್ಲಿ ಇಡುವ ಕಾನೂನು ಮಾಡಬೇಕಾದವರು ವಿಧಾನಸೌಧದಲ್ಲಿರುವವರು. ನೀವು ನಾವು ಓಟು ಹಾಕಿ ಕಳಿಸಿದ ಕನ್ನಡಿಗರು. ಇಲ್ಲಿ ತಪ್ಪಾದರೆ ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳ ನಿಯಂತ್ರಣಕ್ಕೆ 1976ರಲ್ಲೇ ಒಂದು ಕಾಯ್ದೆ ಆಯಿತು. ಅದರ ಜಾಗಕ್ಕೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದದ್ದು 2007ರಲ್ಲಿ. ನಡುವೆ ಮೂವತ್ತೊಂದು ವರ್ಷ. ಯೋಚಿಸಿ, ಆ ಮೂವತ್ತೊಂದು ವರ್ಷದಲ್ಲಿ ಬೆಂಗಳೂರು ಎಷ್ಟು ಬೆಳೆಯಿತು? ಮನೆಯ ಮುಂಭಾಗದಲ್ಲಿ ಎಂಟು ಮಂಚ ಹಾಕಿದ ನರ್ಸಿಂಗ್ ಹೋಮ್ ಹೋಗಿ, ಗಾಜಿನ ಗೋಡೆಯ ಏಳಂತಸ್ತಿನ ಕಾರ್ಪೊರೇಟ್ ಆಸ್ಪತ್ರೆ ಬಂತು. ಸ್ಕ್ಯಾನಿಂಗ್ ಬಂತು, ವಿಮೆ ಬಂತು, ಹೊರದೇಶದ ರೋಗಿಗಳು ಬಂದರು. ಕಾನೂನು ಮಾತ್ರ 1976ರಲ್ಲೇ ಕೂತಿತ್ತು.

ಸರಿ, 2007ರಲ್ಲಿ ಹೊಸ ಕಾಯ್ದೆ ಬಂತಲ್ಲ? ಬಂತು. ಆದರೆ ಕಾಯ್ದೆ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದಕ್ಕೆ ನಿಯಮಗಳು ಬೇಕು. ಅರ್ಜಿ ಯಾವ ನಮೂನೆ, ಶುಲ್ಕ ಎಷ್ಟು, ಯಾರು ತಪಾಸಣೆ ಮಾಡಬೇಕು, ಇವೆಲ್ಲ ನಿಯಮದಲ್ಲಿ ಇರುತ್ತವೆ. ಆ ನಿಯಮಗಳು ಬಂದದ್ದು 2009ರಲ್ಲಿ. ಆ ಕಾಯ್ದೆಯಲ್ಲಿ ಒಳ್ಳೆಯ ಮಾತುಗಳಿದ್ದವು. ಪ್ರತಿ ಖಾಸಗಿ ಆಸ್ಪತ್ರೆ ನೋಂದಣಿ ಮಾಡಿಸಬೇಕು. ಯಾವ ಚಿಕಿತ್ಸೆಗೆ ಎಷ್ಟು ಎಂಬ ದರಪಟ್ಟಿ ಕೊಡಬೇಕು. ಅಪಘಾತದಂಥ ಪ್ರಕರಣ ಬಂದರೆ ಮೊದಲು ಜೀವ ಉಳಿಸುವ ಚಿಕಿತ್ಸೆ ಕೊಡಬೇಕು. ಆದರೆ ಹೆಚ್ಚು ಕಿತ್ತುಕೊಂಡರೆ ರೋಗಿ ಎಲ್ಲಿಗೆ ಹೋಗಬೇಕು? ಶವ ಇಟ್ಟುಕೊಂಡರೆ ಯಾರನ್ನು ಕೇಳಬೇಕು? ಅದಕ್ಕೆ ಸರಿಯಾದ ಉತ್ತರ ಇರಲಿಲ್ಲ. ಆ ಉತ್ತರ ಕಾಯ್ದೆಯೊಳಗೆ ಸೇರಲು ಇನ್ನೂ ಹತ್ತು ವರ್ಷ ಹಿಡಿಯಿತು. ನಮ್ಮ ಮೆಷಿನ್‌ಮನ್ ತೀರಿಹೋದದ್ದು ಆ ಹತ್ತು ವರ್ಷದ ಒಂಬತ್ತನೆಯ ವರ್ಷದಲ್ಲಿ.

ಲಗ್ನಪತ್ರಿಕೆಯ ಲೆಕ್ಕ

ನಮ್ಮ ಕಸುಬಿನಲ್ಲಿ ಒಂದು ಮಾತಿದೆ. ಲಗ್ನಪತ್ರಿಕೆ ಎಷ್ಟೇ ಚೆನ್ನಾಗಿ ಅಚ್ಚಾಗಲಿ, ಮದುವೆ ಮುಗಿದ ಮೇಲೆ ಕೊಟ್ಟರೆ ಗಿರಾಕಿ ದುಡ್ಡು ಕೊಡುವುದಿಲ್ಲ. ಕಂಪೋಸ್ ಆಯಿತು, ಪ್ರೂಫ್ ಆಯಿತು, ಪ್ಲೇಟ್ ಆಯಿತು ಎಂದು ಸಮಾಧಾನ ಹೇಳಿದರೆ ಏನು ಬಂತು? ಪತ್ರಿಕೆ ನೆಂಟರ ಕೈ ಸೇರಬೇಕು.

ಕಾನೂನಿನ ದಾರಿಯೂ ಹಾಗೆಯೇ. ಮೊದಲು ಒಂದು ಸಮಿತಿ. ಅದರ ವರದಿ. ವರದಿಯ ಮೇಲೆ ಕರಡು. ಕರಡು ಸಚಿವ ಸಂಪುಟಕ್ಕೆ. ಅಲ್ಲಿಂದ ವಿಧಾನಸಭೆಗೆ. ಗಲಾಟೆಯಾದರೆ ಪರಿಶೀಲನಾ ಸಮಿತಿಗೆ. ಮರಳಿ ಸದನಕ್ಕೆ. ಆಮೇಲೆ ವಿಧಾನ ಪರಿಷತ್ತಿಗೆ. ಅಲ್ಲಿಂದ ರಾಜ್ಯಪಾಲರ ಅಂಕಿತಕ್ಕೆ, ಕೆಲವು ಸಲ ರಾಷ್ಟ್ರಪತಿಗಳ ಅಂಕಿತಕ್ಕೆ. ಆಮೇಲೆ ಗೆಜೆಟ್. ಆಮೇಲೆ ನಿಯಮ. ಆಮೇಲೆ ಜಿಲ್ಲೆ ಜಿಲ್ಲೆಯಲ್ಲಿ ಪ್ರಾಧಿಕಾರ. ಇಷ್ಟರಲ್ಲಿ ವಿಧಾನಸಭೆಯ ಅವಧಿ ಮುಗಿದರೆ, ಸದನದಲ್ಲಿ ಬಾಕಿ ಉಳಿದ ಮಸೂದೆ ಸತ್ತೇ ಹೋಗುತ್ತದೆ. ಹೊಸ ಸರ್ಕಾರ ಬಂದು ಮತ್ತೆ ಮೊದಲಿನಿಂದ ಕಂಪೋಸ್ ಮಾಡಬೇಕು.

ಹೋಗಲಿ, ಸದನವಾದರೂ ದಿನವೂ ಕೂರುತ್ತದೆಯೇ? ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಸಬೇಕು ಎಂದು ನಮ್ಮ ವಿಧಾನಮಂಡಲವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಆ ಅರವತ್ತು ದಿನ ತುಂಬಿದ ವರ್ಷಗಳು ಅಪರೂಪ. ತಾನೇ ಮಾಡಿದ ಕಾನೂನನ್ನು ತಾನೇ ಪಾಲಿಸದ ಮನೆಯಿಂದ ನಮಗೆ ಕಾನೂನು ಬರಬೇಕು!

2017: ಬೆಳಗಾವಿಯ ಆ ಚಳಿಗಾಲ

2016ರಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. 2007ರ ಕಾಯ್ದೆಗೆ ಏನು ತಿದ್ದುಪಡಿ ಬೇಕು ಎಂದು ನೋಡುವುದು ಅದರ ಕೆಲಸ. ಜೂನ್ 2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ಮಸೂದೆ ತಂದರು. ಸರ್ಕಾರ ದರ ನಿಗದಿ ಮಾಡಬಹುದು, ಅದನ್ನು ಮೀರಿ ವಸೂಲಿ ಮಾಡಿದರೆ ಜೈಲು ಶಿಕ್ಷೆಯೂ ಆಗಬಹುದು, ರೋಗಿಗಳ ದೂರು ಕೇಳುವುದಕ್ಕೆಂದೇ ಜಿಲ್ಲೆಯಲ್ಲಿ ಸಮಿತಿ ಇರಬೇಕು, ಶವ ಒತ್ತೆ ಇಟ್ಟುಕೊಳ್ಳಬಾರದು ಎಂದು ಅದರಲ್ಲಿತ್ತು.

ಗದ್ದಲ ಎದ್ದಿತು. ಮಸೂದೆ ಎರಡೂ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಜೂನ್ ಹೋಗಿ ನವೆಂಬರ್ ಬಂತು. ಆ ಐದು ತಿಂಗಳಲ್ಲಿ ಯಾರು ಏನು ಮಾಡಿದರು ನೋಡಿ. ಆಸ್ಪತ್ರೆಗಳಿಗೆ ಸಂಘ ಇತ್ತು. ವೈದ್ಯರಿಗೆ ಸಂಘ ಇತ್ತು. ಅವರು ಸಭೆ ಸೇರಿದರು, ಮನವಿ ಕೊಟ್ಟರು, ಪತ್ರಿಕಾಗೋಷ್ಠಿ ಮಾಡಿದರು. ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ಮುಷ್ಕರ ಹೂಡಿದರು. ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ಚಿಕಿತ್ಸೆ ಸಿಗದೆ ರೋಗಿಗಳು ಸತ್ತರೆಂದು ಪತ್ರಿಕೆಗಳಲ್ಲಿ ದಿನವೂ ವರದಿ. ಕೊನೆಗೆ ಹೈಕೋರ್ಟ್ ಮಧ್ಯೆ ಬಂದು ಕೆಲಸಕ್ಕೆ ಮರಳಿ ಎಂದು ಹೇಳಬೇಕಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ವೈದ್ಯರನ್ನು ಕೂರಿಸಿಕೊಂಡು ಮಾತಾಡಿದರು.

ರೋಗಿಗಳ ಪರವಾಗಿ ಯಾರಿದ್ದರು? ಕೆಲವು ಜನಾರೋಗ್ಯ ಹೋರಾಟಗಾರರು ಇದ್ದರು, ಅವರಿಗೆ ನನ್ನ ನಮಸ್ಕಾರ. ಆದರೆ ಸಾವಿರಾರು ಜನ ಇರಲಿಲ್ಲ. ರೋಗಿಗಳಿಗೆ ಸಂಘ ಇರುವುದಿಲ್ಲ, ಗೆಳೆಯರೇ. ಯಾರೂ ರೋಗಿಯಾಗಿ ಹುಟ್ಟುವುದಿಲ್ಲ. ಕಾಯಿಲೆ ಬಂದವನಿಗೆ ಮುಷ್ಕರ ಮಾಡುವ ಶಕ್ತಿ ಇರುವುದಿಲ್ಲ, ವಾಸಿಯಾದವನು ಮರೆತುಬಿಡುತ್ತಾನೆ, ಸತ್ತವನು ಬಂದು ಹೇಳುವುದಿಲ್ಲ.

ಕೊನೆಗೆ ಆ ನವೆಂಬರ್‌ನಲ್ಲೇ ಮಸೂದೆ ಅಂಗೀಕಾರವಾಯಿತು. ಆದರೆ ಒಳಗೆ ಹೋದದ್ದು ಒಂದು, ಹೊರಗೆ ಬಂದದ್ದು ಇನ್ನೊಂದು. ಹೆಚ್ಚು ದರಕ್ಕೆ ಜೈಲು ಎಂಬುದು ಹೋಯಿತು. ದರ ನಿಗದಿ ಎಂಬುದು ಸರ್ಕಾರದ ಯೋಜನೆಗಳಡಿ ಬರುವ ರೋಗಿಗಳಿಗಷ್ಟೇ ಸೀಮಿತವಾಯಿತು. ಪ್ರತ್ಯೇಕವಾಗಿ ಇರಬೇಕಾಗಿದ್ದ ದೂರು ಸಮಿತಿ ಹೋಗಿ, ನೋಂದಣಿ ಮಾಡುವ ಪ್ರಾಧಿಕಾರದ ಹೆಗಲಿಗೇ ದೂರು ಕೇಳುವ ಕೆಲಸವೂ ಬಿತ್ತು.

ಉಳಿದದ್ದೇನು? ರೋಗಿಗಳ ಹಕ್ಕುಗಳ ಸನ್ನದು ಉಳಿಯಿತು. ಬಾಕಿ ಇದೆ ಎಂದು ಶವ ತಡೆಹಿಡಿಯಬಾರದು ಎಂಬುದು ಉಳಿಯಿತು. ಇದು ಸಣ್ಣದಲ್ಲ. 2018ರಿಂದ ಇದು ಈ ನಾಡಿನ ಕಾನೂನು. ಈ ಒಂದು ಸಾಲು ಎರಡು ವರ್ಷ ಮೊದಲು ಬಂದಿದ್ದರೆ ಒಬ್ಬ ಹೆಂಗಸು ಕಿವಿಯ ಓಲೆ ಬಿಚ್ಚುತ್ತಿರಲಿಲ್ಲ.

ನಿಧಾನ ಯಾರ ಪಕ್ಷ?

"ಕಾನೂನು ಅವಸರದಲ್ಲಿ ಮಾಡುವುದಲ್ಲ, ಚರ್ಚೆಯಾಗಬೇಕು" ಎಂದು ನಿಮ್ಮಲ್ಲಿ ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಪ್ರೂಫ್ ನೋಡದೆ ಅಚ್ಚಿಗೆ ಹಾಕಿದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವೈದ್ಯರ ಮಾತಿನಲ್ಲೂ ಸತ್ಯ ಇತ್ತು. ತಾಲೂಕು ಕೇಂದ್ರದಲ್ಲಿ ಹತ್ತು ಮಂಚದ ಆಸ್ಪತ್ರೆ ನಡೆಸುವ ಡಾಕ್ಟರನ್ನೂ ನಗರದ ಕಾರ್ಪೊರೇಟ್ ದೊರೆಯನ್ನೂ ಒಂದೇ ಕೋಲಿನಿಂದ ಹೊಡೆಯಬಾರದು. "ನಮಗೆ ಮಾತ್ರ ಯಾಕೆ, ಸರ್ಕಾರಿ ಆಸ್ಪತ್ರೆಗೂ ಇದೇ ಕಾನೂನು ಹಾಕಿ" ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಡಾಕ್ಟರ ಮೇಲೆ ಕೈ ಮಾಡುವುದು ಶುದ್ಧ ಗೂಂಡಾಗಿರಿ. ಅದನ್ನು ತಡೆಯಲು 2009ರಲ್ಲೇ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆ ಆಗಿದೆ, ಆಗಬೇಕಾದದ್ದೇ. ಕನ್ನಡದ ಹೆಸರಿನಲ್ಲಿ ಆಸ್ಪತ್ರೆಗೆ ನುಗ್ಗಿ ಗಾಜು ಒಡೆಯುವವರು ಯಾರಾದರೂ ಇದ್ದರೆ ಅವರಿಗೆ ನನ್ನ ಪ್ರೆಸ್ಸಿನಲ್ಲಿ ಒಂದು ಕರಪತ್ರವೂ ಅಚ್ಚಾಗುವುದಿಲ್ಲ.

ಆದರೆ ಚರ್ಚೆ ಬೇರೆ, ಎಳೆದಾಟ ಬೇರೆ. ಚರ್ಚೆಯಲ್ಲಿ ಎಲ್ಲರೂ ಕೂತಿರುತ್ತಾರೆ. ಎಳೆದಾಟದಲ್ಲಿ ಕಾಯುವ ತಾಕತ್ತಿರುವವನು ಮಾತ್ರ ಕೂತಿರುತ್ತಾನೆ. ನಿಧಾನ ಎಂಬುದು ಯಾರ ಕಡೆಯೂ ಅಲ್ಲ ಎಂದು ನಾವು ತಿಳಿದಿದ್ದೇವೆ. ಸುಳ್ಳು! ನಿಧಾನಕ್ಕೆ ಪಕ್ಷವಿದೆ. ಕಾನೂನು ಬಾರದಿದ್ದರೆ ಯಾರಿಗೆ ಲಾಭವೋ ಅವರ ಪಕ್ಷ ಅದು. ಯಾವ ಶಾಸಕನೂ ಎದ್ದುನಿಂತು "ಬಡ ರೋಗಿಗೆ ರಕ್ಷಣೆ ಬೇಡ" ಎಂದು ಹೇಳುವುದಿಲ್ಲ. ಹೇಳುವ ಅಗತ್ಯವೇ ಇಲ್ಲ. "ಸಮಿತಿಗೆ ಕಳಿಸೋಣ" ಎಂದರೆ ಸಾಕು.

ನಿಮಗೆ ಇದು ಹೊಸದಲ್ಲ. ಸರೋಜಿನಿ ಮಹಿಷಿ ಅವರು ಕನ್ನಡಿಗರ ಉದ್ಯೋಗದ ಬಗ್ಗೆ 1986ರಲ್ಲಿ ಅಂತಿಮ ವರದಿ ಕೊಟ್ಟರು. ಅದನ್ನು ಬೇಡವೆಂದು ಯಾವ ಸರ್ಕಾರವೂ ಹೇಳಲಿಲ್ಲ. ಎಲ್ಲರೂ ಹೊಗಳಿದರು, ಎಲ್ಲರೂ ಕಪಾಟಿನಲ್ಲಿಟ್ಟರು. ವರದಿಯನ್ನು ಕೊಲ್ಲುವುದಕ್ಕೆ ವಿರೋಧ ಬೇಕಿಲ್ಲ, ಕಪಾಟು ಸಾಕು.

ರಸ್ತೆಯಲ್ಲಿ ಬಿದ್ದವನ ಎರಡು ವರ್ಷ

ಇನ್ನೊಂದು ಉದಾಹರಣೆ ಕೊಡುತ್ತೇನೆ. ಇದರಲ್ಲಿ ಯಾವ ಮುಷ್ಕರವೂ ಇಲ್ಲ, ಯಾವ ಲಾಬಿಯೂ ಇಲ್ಲ. ಬರೀ ನಿಧಾನ.

ನಿಮ್ಮಲ್ಲಿ ಬಹಳ ಜನ ಬೈಕಿನಲ್ಲಿ ಬಂದಿದ್ದೀರಿ. ದಾರಿಯಲ್ಲಿ ಯಾರಾದರೂ ಬಿದ್ದು ರಕ್ತ ಸುರಿಯುತ್ತಿದ್ದರೆ ಎತ್ತಿಕೊಂಡು ಹೋಗಲು ಜನ ಯಾಕೆ ಹೆದರುತ್ತಾರೆ? ಪೊಲೀಸು, ಸಾಕ್ಷಿ, ಕೋರ್ಟು, ಆಸ್ಪತ್ರೆಯವರು "ನೀನೇ ದುಡ್ಡು ಕಟ್ಟು" ಎನ್ನುತ್ತಾರೆಂಬ ಭಯ. ಅಪಘಾತದಲ್ಲಿ ಬಿದ್ದವನಿಗೆ ಮೊದಲು ಚಿಕಿತ್ಸೆ, ಉಳಿದದ್ದು ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿತ್ತು. ನೆರವಾದವನಿಗೆ ಕಿರುಕುಳ ಕೊಡಬಾರದು ಎಂಬ ಮಾರ್ಗಸೂಚಿಗೆ 2016ರಲ್ಲಿ ಅದೇ ಕೋರ್ಟ್ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕದ ವಿಧಾನಮಂಡಲ, ಗಾಯಾಳುವಿಗೆ ನೆರವಾಗುವವರನ್ನು ರಕ್ಷಿಸುವ ಮಸೂದೆಯನ್ನು ಅಂಗೀಕರಿಸಿತು. ದೇಶದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. ಎದೆ ತಟ್ಟಿಕೊಳ್ಳಬೇಕಾದ ಸಂಗತಿ!

ಆದರೆ ಅದು ರಾಷ್ಟ್ರಪತಿಗಳ ಅಂಕಿತಕ್ಕೆ ದೆಹಲಿಗೆ ಹೋಯಿತು. ಅಂಕಿತ ಬಿದ್ದದ್ದು 2018ರಲ್ಲಿ. ನಮ್ಮ ರಾಜ್ಯದ ರಸ್ತೆಗಳಲ್ಲಿ ಆ ಹೊತ್ತಿಗೆ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಕಾನೂನು ಬೇಗ ಬಂದಿದ್ದರೆ ಅವರೆಲ್ಲ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಆದರೆ ಎತ್ತಿಕೊಳ್ಳಲು ಬಗ್ಗಿದ ಯಾರೋ ಒಬ್ಬ, "ನನಗ್ಯಾಕೆ ಈ ಉಸಾಬರಿ" ಎಂದು ಹಿಂದೆ ಸರಿದದ್ದು ಆ ಎರಡು ವರ್ಷದಲ್ಲಿ ಎಷ್ಟು ಸಲವೋ, ಯಾರು ಬಲ್ಲರು?

ಇಲ್ಲಿ ದೆಹಲಿಯನ್ನು ಬೈಯಬಹುದು, ಬೈಯೋಣ. ಅವರ ಮನೆಯ ಕತೆಯೂ ಇದೇ. ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು ಸಂಸತ್ತು 2010ರಲ್ಲಿ ಮಾಡಿತು. ಆಸ್ಪತ್ರೆಗಳು ಸರ್ಕಾರ ನಿಗದಿ ಮಾಡಿದ ದರದ ಮಿತಿಯೊಳಗೆ ಇರಬೇಕು ಎಂಬ ನಿಯಮ 2012ರಲ್ಲಿ ಬಂತು. ಆ ದರ ಎಲ್ಲಿ ಎಂದು ಸುಪ್ರೀಂ ಕೋರ್ಟ್ ಫೆಬ್ರವರಿ 2024ರಲ್ಲಿ ಕೇಂದ್ರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಹನ್ನೆರಡು ವರ್ಷ ದರ ನಿಗದಿಯೇ ಆಗಿರಲಿಲ್ಲ.

ಮನಸ್ಸಿದ್ದಾಗ ಕಾನೂನು ಓಡುತ್ತದೆ

ದರ ನಿಗದಿ ಮಾಡುವುದು ಅಷ್ಟು ಕಷ್ಟವೇ? 2017ರಲ್ಲಿ ಆಗುವುದೇ ಇಲ್ಲ ಎಂದಿದ್ದರು. ಮೂರೇ ವರ್ಷಕ್ಕೆ ಕೊರೊನಾ ಬಂತು. ಜೂನ್ 2020ರಲ್ಲಿ ಕರ್ನಾಟಕ ಸರ್ಕಾರ ಒಂದು ಆದೇಶ ಹೊರಡಿಸಿತು. ಸರ್ಕಾರ ಕಳಿಸಿದ ಕೊರೊನಾ ರೋಗಿಗೆ ಖಾಸಗಿ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐಸಿಯುಗೆ 10,000. ತಾನೇ ದುಡ್ಡು ಕೊಟ್ಟು ಸೇರುವವನಿಗೆ ಸಾಮಾನ್ಯ ವಾರ್ಡು 10,000, ವೆಂಟಿಲೇಟರ್ ಸಹಿತ ಐಸಿಯು 25,000. ಈ ದರ ಹೆಚ್ಚೋ ಕಡಿಮೆಯೋ ಎಂಬ ವಾದ ಬೇರೆ. ಎಲ್ಲ ಕಡೆ ಪಾಲನೆಯಾಯಿತು ಎಂದೂ ನಾನು ಹೇಳುವುದಿಲ್ಲ. ಆದರೆ ದರ ನಿಗದಿ ಮಾಡಬಹುದು ಎಂಬುದು ಸಾಬೀತಾಯಿತು. ವರ್ಷಗಟ್ಟಲೆ ಆಗದ್ದು ಒಂದು ಆದೇಶದಲ್ಲಿ ಆಯಿತು.

ನಿಮ್ಮದೇ ಹೋರಾಟದ ಉದಾಹರಣೆ ಕೊಡಲೇ? ಡಿಸೆಂಬರ್ 2023ರ ಕೊನೆಯಲ್ಲಿ ಬೆಂಗಳೂರಿನಲ್ಲಿ ನಾಮಫಲಕ ಹೋರಾಟ ಆಯಿತು. ಫಲಕದಲ್ಲಿ ಶೇಕಡಾ 60 ಕನ್ನಡ ಬೇಕು ಎಂದು ಜನ ಬೀದಿಗೆ ಬಂದರು. ಜನವರಿ 2024ರಲ್ಲಿ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿತು. ರಾಜ್ಯಪಾಲರು ಅದನ್ನು ಹಿಂದಕ್ಕೆ ಕಳಿಸಿದರು. ಫೆಬ್ರವರಿಯಲ್ಲಿ ಮಸೂದೆಯೇ ಸದನಕ್ಕೆ ಬಂದು ಅಂಗೀಕಾರವಾಯಿತು. ಎರಡು ತಿಂಗಳು! ಅದೇ ವಿಧಾನಸೌಧ, ಅದೇ ಸಂವಿಧಾನ, ಅದೇ ರಾಜಭವನ.

ಹಾಗಾದರೆ ಯಂತ್ರ ಕೆಟ್ಟಿಲ್ಲ. ಹ್ಯಾಂಡಲ್ ತಿರುಗಿಸುವವರು ಬೇಕು. ಆಸ್ಪತ್ರೆಯ ಹೊರಗಿನ ಫಲಕಕ್ಕಾಗಿ ನಾವು ಬೀದಿಗೆ ಬಂದೆವು. ಆಸ್ಪತ್ರೆಯ ಒಳಗಿನ ದರಪಟ್ಟಿಗಾಗಿ ಯಾವತ್ತು ಬಂದೆವು? ಹೊರಗೆ ಬೋರ್ಡು ದಪ್ಪ ಕನ್ನಡದಲ್ಲಿದ್ದು, ಒಳಗೆ ನಮ್ಮ ತಾಯಿ ಅರ್ಥವಾಗದ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಕನ್ನಡ ಗೆದ್ದ ಹಾಗಾಯಿತೇ? ನಾನು ನಿಮ್ಮನ್ನು ಹಂಗಿಸುತ್ತಿಲ್ಲ. ಮೊದಲ ತಪ್ಪು ನನ್ನದೇ ಎಂದು ಆಗಲೇ ಒಪ್ಪಿಕೊಂಡಿದ್ದೇನೆ.

ನಾವು ಮಾಡಬೇಕಾದದ್ದು

2022ರಲ್ಲಿ ನಮ್ಮ ಬೀದಿಯ ಹೂವಿನ ಅಂಗಡಿಯಾಕೆಯ ತಮ್ಮ ಬೇರೊಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಮತ್ತೆ ಅದೇ ಮಾತು: ಬಿಲ್ ಕ್ಲಿಯರ್ ಮಾಡಿ. ಕೊರೊನಾ ಎರಡನೆಯ ಅಲೆಯ ಹೊತ್ತಿಗೆ, 2021ರಲ್ಲಿ, ಶವ ತಡೆಹಿಡಿಯಬೇಡಿ ಎಂದು ಸರ್ಕಾರವೇ ಕಾಯ್ದೆಯನ್ನು ಮತ್ತೆ ನೆನಪಿಸಿದ ಮೇಲೂ ಅದೇ ಮಾತು. ಈ ಸಲ ನಾನು ಬರಿಗೈಯಲ್ಲಿ ಹೋಗಲಿಲ್ಲ. ಕಾಯ್ದೆಯ ಪ್ರತಿ ಒಯ್ದಿದ್ದೆ. ಕೂಗಾಡಲಿಲ್ಲ. ಮ್ಯಾನೇಜರ ಮುಂದೆ ಇಟ್ಟು, "ಬಾಕಿ ಕೊಡುತ್ತೇವೆ, ಬರೆದುಕೊಡುತ್ತೇವೆ. ಆದರೆ ಶವ ತಡೆಯುವುದಾದರೆ ಅದನ್ನೂ ಬರೆದುಕೊಡಿ, ಜಿಲ್ಲಾಧಿಕಾರಿಗೆ ಒಯ್ಯುತ್ತೇವೆ" ಎಂದೆ. ಅವರು ಒಳಗೆ ಹೋಗಿ ಫೋನು ಮಾಡಿದರು. ಅರ್ಧ ಗಂಟೆಯಲ್ಲಿ ಶವ ಕೊಟ್ಟರು. ಬಾಕಿಯನ್ನು ಆ ಹೆಂಗಸು ಆಮೇಲೆ ಕಂತಿನಲ್ಲಿ ತೀರಿಸಿದಳು.

ಆವತ್ತು ಮನೆಗೆ ಬಂದು ನಾನು ಅತ್ತೆ. 2016ರಲ್ಲಿ ಇದೇ ಅರ್ಧ ಗಂಟೆ ನಮಗೆ ಸಿಗಲಿಲ್ಲವಲ್ಲ ಎಂದು.

ಗೆಳೆಯರೇ, ಅದಕ್ಕೇ ಮೂರು ಕೆಲಸ ಹೇಳುತ್ತೇನೆ. ದೊಡ್ಡ ಕೆಲಸಗಳಲ್ಲ.

ಒಂದು: ಇರುವ ಕಾನೂನನ್ನು ಬಳಸಿ. ನಿಮ್ಮ ಬಡಾವಣೆಯ ಪ್ರತಿ ಖಾಸಗಿ ಆಸ್ಪತ್ರೆಗೆ ಇಬ್ಬಿಬ್ಬರು ಹೋಗಿ, ವಿನಯವಾಗಿ ಕೇಳಿ: ನೋಂದಣಿ ಪತ್ರ ಎಲ್ಲಿದೆ? ದರಪಟ್ಟಿ ಎಲ್ಲಿದೆ? ರೋಗಿಗಳ ಹಕ್ಕುಗಳ ಸನ್ನದು ಎಲ್ಲಿದೆ? ಕನ್ನಡದಲ್ಲಿ ಇದೆಯೇ? ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಎಂದು ಕೇಳಿ. ಇಲ್ಲವೆಂದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ದೂರು ಪರಿಹಾರ ಪ್ರಾಧಿಕಾರ ಇದೆ. ಅಲ್ಲಿಗೆ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ದೂರು ಹೋಗದ ಪ್ರಾಧಿಕಾರ ನಿದ್ದೆ ಮಾಡುತ್ತದೆ.

ಎರಡು: ಬರಬೇಕಾದ ಕಾನೂನಿನ ಹಿಂದೆ ಬೀಳಿ. ಸದನದಲ್ಲಿ ಮಸೂದೆ ಪಾಸಾದ ದಿನ ಪಟಾಕಿ ಹೊಡೆದು ಮನೆಗೆ ಹೋಗಬೇಡಿ. ರಾಜಸ್ಥಾನ ಮಾರ್ಚ್ 2023ರಲ್ಲಿ ಆರೋಗ್ಯದ ಹಕ್ಕಿನ ಮಸೂದೆ ಪಾಸು ಮಾಡಿತು, ದೇಶಕ್ಕೇ ಮೊದಲು. ಅಲ್ಲೂ ಮುಷ್ಕರ, ಅಲ್ಲೂ ರಾಜಿ. ಆಮೇಲೆ ನಿಯಮಗಳು ಎಲ್ಲಿ ಎಂದು ಜನ ಕೇಳುತ್ತಲೇ ಇರಬೇಕಾಯಿತು. ನಮ್ಮಲ್ಲೂ ಅಂಥ ಹಕ್ಕು ಬೇಕು ಎನ್ನುವವರು ಈ ಪಾಠ ಕಲಿಯಬೇಕು. ಅಂಕಿತ ಬಿತ್ತೇ? ಗೆಜೆಟ್ ಆಯಿತೇ? ನಿಯಮ ಬಂತೇ? ಜಿಲ್ಲೆಯಲ್ಲಿ ಸಮಿತಿ ಕೂತಿತೇ? ಈ ನಾಲ್ಕು ಪ್ರಶ್ನೆ ಪ್ರತಿ ತಿಂಗಳು ನಿಮ್ಮ ಶಾಸಕರಿಗೆ ಕೇಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಿಮ್ಮ ಶಾಖೆಯಲ್ಲಿ ಒಬ್ಬ ಹುಡುಗನಿಗೋ ಹುಡುಗಿಗೋ ಇದೊಂದೇ ಕೆಲಸ ವಹಿಸಿ.

ಮೂರು: ರೋಗಿಗಳಿಗೆ ಸಂಘ ಇಲ್ಲ ಎಂದೆನಲ್ಲ, ಆ ಸಂಘ ನೀವಾಗಿ. ನಿಮಗೆ ಇಪ್ಪತ್ತು ವರ್ಷ. ಮೈಯಲ್ಲಿ ಶಕ್ತಿ ಇದೆ, ಮೊಬೈಲು ಇದೆ, ನಾಲ್ಕು ಜನ ಗೆಳೆಯರಿದ್ದಾರೆ. ಮುಂದಿನ ಸಲ ಇಂಥ ಮಸೂದೆ ಪರಿಶೀಲನಾ ಸಮಿತಿಗೆ ಹೋದಾಗ, ಬಾಗಿಲ ಹೊರಗೆ ಆಸ್ಪತ್ರೆಯ ಮಾಲೀಕರು ಮಾತ್ರ ನಿಂತಿರಬಾರದು. ನೀವೂ ನಿಂತಿರಬೇಕು, ಕನ್ನಡದಲ್ಲಿ ಬರೆದ ಮನವಿ ಹಿಡಿದು.

ಕೊನೆಗೆ ನನ್ನ ಪಾಲು. ರೋಗಿಗಳ ಹಕ್ಕುಗಳನ್ನು ಸುಲಭ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆಯಿಸಿ ಅಚ್ಚು ಹಾಕಿದ್ದೇನೆ. ಐದು ಸಾವಿರ ಪ್ರತಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ದುಡ್ಡು ಬೇಡ. ಹೋಗುವಾಗ ಒಬ್ಬೊಬ್ಬರೂ ಐವತ್ತು ಒಯ್ಯಿರಿ. ಒಂದನ್ನು ನಿಮ್ಮ ಮನೆಯ ಗೋಡೆಗೆ ಅಂಟಿಸಿ, ಉಳಿದದ್ದನ್ನು ಆಸ್ಪತ್ರೆಗಳ ಮುಂದಿನ ಆಟೋ ನಿಲ್ದಾಣ, ಔಷಧಿ ಅಂಗಡಿ, ಟೀ ಅಂಗಡಿಗಳಲ್ಲಿ ಕೊಡಿ. ಇನ್ನು ಮುಂದೆ ಆಸ್ಪತ್ರೆಯ ಯಾವ ನಮೂನೆ ನನ್ನ ಪ್ರೆಸ್ಸಿಗೆ ಬಂದರೂ ಕನ್ನಡ ಇಲ್ಲದೆ ಅಚ್ಚಾಗುವುದಿಲ್ಲ. ಗಿರಾಕಿ ಹೋದರೆ ಹೋಗಲಿ.

ನಾಳೆ ಬೆಳಿಗ್ಗೆ ನಿಮ್ಮ ಮನೆಯ ಹತ್ತಿರದ ಆಸ್ಪತ್ರೆಗೆ ಹೋಗಿ ದರಪಟ್ಟಿ ಕೇಳಿ. ಅಲ್ಲಿಂದಲೇ ಶುರು ಮಾಡೋಣ.